ಖುತ್ಬಾ ರೆಕಾರ್ಡಿಂಗ್ ಅರ್ಧಕ್ಕೆ ನಿಲ್ಲದಿರಲಿ

ಇಂದು ಹೆಚ್ಚಿನ ಮಸೀದಿಗಳಲ್ಲಿ ಶುಕ್ರವಾರದ ಪ್ರವಚನವನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡುವ ರೂಢಿ ಬಂದಿದೆ. ಮಂಡಿನೋವಿನಿಂದ ಮಸೀದಿಯ ಮೆಟ್ಟಿಲು ಹತ್ತಲಾಗದ ಹಿರಿಯರು, ಹಾಸಿಗೆ ಹಿಡಿದ ರೋಗಿಗಳು, ಅವರ ಆರೈಕೆಯಲ್ಲಿರುವ ಹೆಣ್ಣುಮಕ್ಕಳು, ಗಲ್ಫ್‌ನಲ್ಲಿ ದುಡಿಯುವ ಯುವಕರು ಸಂಜೆ ವಾಟ್ಸ್‌ಆ್ಯಪ್ ತೆರೆದು ಅದಕ್ಕಾಗಿ ಕಾಯುತ್ತಾರೆ. ಆದರೆ ಅವರ ಕೈಗೆ ಸಿಗುವುದು ಅನೇಕ ಬಾರಿ ಅರ್ಧ ಪ್ರವಚನ ಮಾತ್ರ. ಹದಿನೆಂಟನೇ ನಿಮಿಷಕ್ಕೆ ಯಾರದೋ ಕರೆ ಬಂದು ನಿಂತಿರುತ್ತದೆ, ಇಲ್ಲವೇ ಮೊಬೈಲ್ ಬಿಸಿಯಾಗಿ ಆಫ್ ಆಗಿರುತ್ತದೆ, ಇಲ್ಲವೇ ಜಾಗ ತುಂಬಿದೆ ಎಂಬ ಸಂದೇಶ ಬಂದಿರುತ್ತದೆ. ಕೆಲವೊಮ್ಮೆ ಪೂರ್ತಿ ರೆಕಾರ್ಡ್ ಆದ ಫೈಲ್ ಕೂಡ ತೆರೆಯುವುದೇ ಇಲ್ಲ. ಇದು ಏಕೆ ಹೀಗಾಗುತ್ತದೆ, ತಡೆಯುವುದು ಹೇಗೆ ಎಂಬುದನ್ನು ನಾವು ಇಲ್ಲಿ ವಿವರಿಸುತ್ತೇವೆ. ದೀನೀ ಪತ್ರಿಕೆಯಲ್ಲಿ ಮೊಬೈಲ್‌ನ ವಿಷಯವೇಕೆ ಎಂದು ಯಾರಾದರೂ ಕೇಳಬಹುದು. ಮೊದಲು ಅದಕ್ಕೆ ಉತ್ತರ ಹೇಳಿ ಮುಂದೆ ಹೋಗೋಣ.

ತಲುಪಿಸುವುದು ಅಮಾನತ್

ಹಿಜರಿ 10ನೇ ವರ್ಷ ಪ್ರವಾದಿ ಮುಹಮ್ಮದ್(ಸ) ಅರಫಾದಲ್ಲಿ ನೀಡಿದ ವಿದಾಯ ಪ್ರವಚನವನ್ನು ನಾವೆಲ್ಲ ಬಲ್ಲೆವು. ಅಂದು ಮೈಕ್ ಇರಲಿಲ್ಲ. ದೂರದಲ್ಲಿದ್ದವರಿಗೂ ಕೇಳಿಸಲೆಂದು ರಬೀಅ ಬಿನ್ ಉಮಯ್ಯ ಬಿನ್ ಖಲಫ್ ಎಂಬವರು ಪ್ರವಾದಿಯವರ(ಸ) ಒಂದೊಂದು ವಾಕ್ಯವನ್ನೂ ಗಟ್ಟಿಯಾಗಿ ಪುನರುಚ್ಚರಿಸುತ್ತಿದ್ದರೆಂದು ಸೀರತ್ ಗ್ರಂಥಗಳು ಹೇಳುತ್ತವೆ. ಹಾಜರಿದ್ದವರು ಗೈರುಹಾಜರಾದವರಿಗೆ ಈ ಮಾತುಗಳನ್ನು ತಲುಪಿಸಬೇಕೆಂದೂ ಪ್ರವಾದಿ(ಸ) ಆಜ್ಞಾಪಿಸಿದರು. ತಲುಪಿಸುವ ಕೆಲಸ ಅಂದಿನಿಂದಲೂ ಈ ಸಮುದಾಯದ ಹೆಗಲ ಮೇಲಿದೆ. ಹದೀಸ್ ವಿದ್ವಾಂಸರು ಒಂದು ಮಾತಿಗಾಗಿ ತಿಂಗಳುಗಟ್ಟಲೆ ಪ್ರಯಾಣ ಮಾಡಿದ್ದು, ಹೇಳಿದವರು ಯಾರು, ಅವರು ಯಾರಿಂದ ಕೇಳಿದರು ಎಂಬ ಸರಪಳಿಯನ್ನು ಜತನದಿಂದ ಕಾಪಾಡಿದ್ದು ಇದೇ ಕಾರಣಕ್ಕೆ.

ತಲುಪಿಸುವಾಗ ಅರ್ಧ ಮಾತನ್ನು ತಲುಪಿಸಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಮದ್ರಸಗಳಲ್ಲಿ ಕೊಡುವ ಹಳೆಯ ಉದಾಹರಣೆಯೊಂದಿದೆ. ಸೂರಃ ಅಲ್ ಮಾಊನ್‌ನ ನಾಲ್ಕನೇ ಸೂಕ್ತದಲ್ಲಿ ನಮಾಝ್ ಮಾಡುವವರಿಗೆ ವಿನಾಶವಿದೆ ಎಂಬ ಎಚ್ಚರಿಕೆ ಬರುತ್ತದೆ. ಅಲ್ಲಿಗೇ ಓದು ನಿಲ್ಲಿಸಿದರೆ ನಮಾಝ್ ಮಾಡುವುದೇ ತಪ್ಪು ಎಂದಾಗುತ್ತದೆ. ಐದನೇ ಸೂಕ್ತ ಓದಿದ ಮೇಲೆಯೇ, ಆ ಎಚ್ಚರಿಕೆ ತಮ್ಮ ನಮಾಝಿನ ಬಗ್ಗೆ ಅಸಡ್ಡೆ ತೋರುವವರಿಗೆ ಎಂದು ತಿಳಿಯುವುದು. ಅಲ್ಲಾಹನ ವಚನವನ್ನೇ ಅರ್ಧಕ್ಕೆ ನಿಲ್ಲಿಸಿದರೆ ಅರ್ಥ ತಿರುಗುಮುರುಗಾಗುವುದಾದರೆ, ನಮ್ಮಂತಹವರ ಮಾತಿನ ಗತಿ ಏನು?

ಪ್ರವಚನದಲ್ಲಿ ನಾವು ಅನೇಕ ಬಾರಿ ಮೊದಲು ಒಂದು ತಪ್ಪು ಅಭಿಪ್ರಾಯವನ್ನು ಮುಂದಿಟ್ಟು, ಆಮೇಲೆ ಅದಕ್ಕೆ ಉತ್ತರ ಕೊಡುತ್ತೇವೆ. ಪ್ರಶ್ನೆ ಹತ್ತನೇ ನಿಮಿಷದಲ್ಲಿರುತ್ತದೆ, ಉತ್ತರ ಮೂವತ್ತನೇ ನಿಮಿಷದಲ್ಲಿರುತ್ತದೆ. ರೆಕಾರ್ಡಿಂಗ್ ಇಪ್ಪತ್ತಕ್ಕೆ ನಿಂತರೆ ಪ್ರಶ್ನೆಯೇ ಇಮಾಮರ ಅಭಿಪ್ರಾಯವಾಗಿ ಊರೆಲ್ಲ ಸುತ್ತುತ್ತದೆ. ಇಂದಿನ ದಿನಗಳಲ್ಲಿ ಒಂದು ನಿಮಿಷದ ತುಂಡು ಒಂದು ಊರಿನ ನೆಮ್ಮದಿ ಕೆಡಿಸಬಲ್ಲದು. ಅಂತಹ ಸಂದರ್ಭದಲ್ಲಿ ನೆರೆಯವರು ಕೇಳಲಿ, ಪೊಲೀಸರು ಕೇಳಲಿ, ಇದೋ ಪೂರ್ತಿ ಮಾತು ಇಲ್ಲಿದೆ ಎಂದು ತೋರಿಸಲು ಜಮಾಅತಿನ ಬಳಿ ಆದಿಯಿಂದ ಅಂತ್ಯದವರೆಗಿನ ಮೂಲ ಪ್ರತಿ ಇರಬೇಕು.

ಒಮ್ಮೆ ಆನ್ ಮಾಡಿದರೆ ಮುಟ್ಟಬಾರದು

ಮದುವೆಯನ್ನೋ ಶಾಲೆಯ ಕಾರ್ಯಕ್ರಮವನ್ನೋ ರೆಕಾರ್ಡ್ ಮಾಡುವವರು ಮಧ್ಯೆ ಮಧ್ಯೆ ಮೊಬೈಲ್ ನೋಡಿಕೊಳ್ಳಬಹುದು. ನಿಂತಿದ್ದರೆ ಮತ್ತೆ ಒತ್ತಬಹುದು. ಖುತ್ಬಾದಲ್ಲಿ ಹಾಗಾಗದು. ಇಮಾಮ್ ಖುತ್ಬಾ ನೀಡುತ್ತಿರುವಾಗ ಪಕ್ಕದವನನ್ನು ಸುಮ್ಮನಿರುವಂತೆ ಹೇಳುವುದೂ ವ್ಯರ್ಥ ಮಾತಾಗುತ್ತದೆ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ನೆಲದ ಹರಳುಕಲ್ಲುಗಳನ್ನು ಮುಟ್ಟುತ್ತ ಕೂರುವುದೂ ವ್ಯರ್ಥ ಕೆಲಸವೆಂದು ಸಹೀಹ್ ಮುಸ್ಲಿಮ್‌ನ ಹದೀಸಿನಲ್ಲಿದೆ. ಮೊಬೈಲ್ ಹಿಡಿದು ಕೂರುವುದನ್ನು ಇಂದಿನ ಉಲಮಾಗಳು ಇದೇ ಸಾಲಿಗೆ ಸೇರಿಸುತ್ತಾರೆ. ಊರಿಗೆಲ್ಲ ಖುತ್ಬಾ ತಲುಪಿಸಲು ಹೊರಟ ಯುವಕ ತನ್ನದೇ ಜುಮುಅದ ಪ್ರತಿಫಲ ಕಳೆದುಕೊಳ್ಳುವಂತಾಗಬಾರದು.

ಆದ್ದರಿಂದ ನಿಯಮ ಒಂದೇ. ಇಮಾಮ್ ಮಿಂಬರ್ ಏರುವ ಮೊದಲೇ ಮೊಬೈಲನ್ನು ಸ್ಟ್ಯಾಂಡ್‌ನಲ್ಲಿ ನಿಲ್ಲಿಸಿ ರೆಕಾರ್ಡಿಂಗ್ ಆನ್ ಮಾಡಬೇಕು. ನಮಾಝ್ ಮುಗಿದು ಸಲಾಮ್ ಹೇಳಿದ ನಂತರವೇ ಅದನ್ನು ಮುಟ್ಟಬೇಕು. ಖುತ್ಬಾ ಮತ್ತು ನಮಾಝ್ ಸೇರಿ ಮುಕ್ಕಾಲು ಗಂಟೆ ಎಂದಿಟ್ಟುಕೊಳ್ಳೋಣ. ಆ 45 ನಿಮಿಷ ಯಾರ ಸಹಾಯವೂ ಇಲ್ಲದೆ ಮೊಬೈಲ್ ಓಡುತ್ತಿರಬೇಕಾದರೆ ಸಿದ್ಧತೆಯೆಲ್ಲ ಮೊದಲೇ ಆಗಿರಬೇಕು.

ಜಾಗದ ಲೆಕ್ಕ

ವೀಡಿಯೊ ಎಂದರೆ ಒಂದರ ಹಿಂದೊಂದು ಓಡುವ ಚಿತ್ರಗಳು. ಸೆಕೆಂಡಿಗೆ 30 ಚಿತ್ರದಂತೆ 45 ನಿಮಿಷಕ್ಕೆ 81,000 ಚಿತ್ರಗಳಾಗುತ್ತವೆ. ಫುಲ್ ಎಚ್‌ಡಿ ಅಥವಾ 1080ಪಿ ಎನ್ನುವ ಗುಣಮಟ್ಟದಲ್ಲಿ ಒಂದೊಂದು ಚಿತ್ರದಲ್ಲಿ ಸುಮಾರು 20 ಲಕ್ಷ ಚುಕ್ಕಿಗಳಿರುತ್ತವೆ. 4ಕೆಯಲ್ಲಿ ಅದರ ನಾಲ್ಕು ಪಟ್ಟು. ಮೊಬೈಲ್ ಇವನ್ನೆಲ್ಲ ಕುಗ್ಗಿಸಿ ಉಳಿಸುತ್ತದೆ. ಹಾಗಿದ್ದರೂ ಫೈಲ್ ದೊಡ್ಡದೇ ಆಗುತ್ತದೆ.

ಐಫೋನ್‌ನ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ ವಿಭಾಗಕ್ಕೆ ಹೋದರೆ ಈ ಲೆಕ್ಕವನ್ನು ಬರೆದೇ ಇಟ್ಟಿದ್ದಾರೆ. ಹೆಚ್ಚು ಕುಗ್ಗಿಸುವ ಎಚ್‌ಇವಿಸಿ ವಿಧಾನದಲ್ಲಿ, ಸೆಕೆಂಡಿಗೆ 30 ಚಿತ್ರದಂತೆ, 720ಪಿಗೆ ನಿಮಿಷಕ್ಕೆ ಸುಮಾರು 40 ಎಂಬಿ, 1080ಪಿಗೆ 60 ಎಂಬಿ, 4ಕೆಗೆ 170 ಎಂಬಿ ಬೇಕು. 4ಕೆಯಲ್ಲೇ ಸೆಕೆಂಡಿಗೆ 60 ಚಿತ್ರ ಇಟ್ಟರೆ 400 ಎಂಬಿ. 45 ನಿಮಿಷಕ್ಕೆ ಗುಣಿಸಿ ನೋಡಿ: 720ಪಿಯಲ್ಲಿ 1.8 ಜಿಬಿ, 1080ಪಿಯಲ್ಲಿ 2.7 ಜಿಬಿ, 4ಕೆಯಲ್ಲಿ ಏಳೂವರೆ ಜಿಬಿಗಿಂತ ಹೆಚ್ಚು, 60 ಚಿತ್ರಗಳ 4ಕೆಯಲ್ಲಿ 18 ಜಿಬಿ.

ಆಂಡ್ರಾಯ್ಡ್ ಮೊಬೈಲ್‌ಗಳಲ್ಲಿ ಕಂಪೆನಿಗೊಂದು ಲೆಕ್ಕ. ತಿಳಿಯುವ ಉಪಾಯ ಸುಲಭ. ಒಂದು ನಿಮಿಷ ರೆಕಾರ್ಡ್ ಮಾಡಿ, ಫೈಲ್ ಎಷ್ಟು ಎಂಬಿ ಆಗಿದೆಯೆಂದು ನೋಡಿ, 45ರಿಂದ ಗುಣಿಸಿ. ಬಂದ ಮೊತ್ತದ ಎರಡರಷ್ಟು ಜಾಗ ಮೊಬೈಲ್‌ನಲ್ಲಿ ಖಾಲಿ ಇರಲಿ. ಒಂದೇ ಕಡೆ ನಿಂತು ಮಾತನಾಡುವ ವ್ಯಕ್ತಿಯನ್ನು ತೋರಿಸಲು 4ಕೆ ಬೇಕಾಗಿಯೇ ಇಲ್ಲ. 1080ಪಿ ಧಾರಾಳವಾಯಿತು, 720ಪಿಯೂ ಸಾಕು.

ಮೆಮೊರಿ ಕಾರ್ಡ್ ಬಳಸುವವರಿಗೆ ಇನ್ನೊಂದು ಮಾತು. 32 ಜಿಬಿ ಮತ್ತು ಅದಕ್ಕಿಂತ ಚಿಕ್ಕ ಕಾರ್ಡ್‌ಗಳು ಸಾಮಾನ್ಯವಾಗಿ ಫ್ಯಾಟ್32 ಎಂಬ ಹಳೆಯ ವ್ಯವಸ್ಥೆಯಲ್ಲಿರುತ್ತವೆ. ಅದರಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ. ಕಾರ್ಡ್‌ನಲ್ಲಿ 20 ಜಿಬಿ ಖಾಲಿ ಇದ್ದರೂ ರೆಕಾರ್ಡಿಂಗ್ 4 ಜಿಬಿಗೆ ನಿಲ್ಲಬಹುದು ಅಥವಾ ಎರಡು ಫೈಲ್‌ಗಳಾಗಿ ಒಡೆಯಬಹುದು. ಮೊಬೈಲ್‌ನ ಒಳಗಿನ ಸ್ಟೋರೇಜ್‌ನಲ್ಲೇ ಉಳಿಯುವಂತೆ ಕ್ಯಾಮೆರಾ ಸೆಟ್ಟಿಂಗ್ ಬದಲಾಯಿಸಿದರೆ ಈ ತೊಂದರೆ ತಪ್ಪುತ್ತದೆ.

ಬಿಸಿ ಮತ್ತು ಬ್ಯಾಟರಿ

ಕ್ಯಾಮೆರಾ, ಸ್ಕ್ರೀನ್, ಚಿತ್ರ ಕುಗ್ಗಿಸುವ ಚಿಪ್ ಮೂರೂ ಒಟ್ಟಿಗೆ ಕೆಲಸ ಮಾಡುವುದರಿಂದ ಮೊಬೈಲ್ ಬಿಸಿಯಾಗುತ್ತದೆ. ಸುತ್ತಲಿನ ಉಷ್ಣತೆ 35 ಡಿಗ್ರಿ ಮೀರದ ಕಡೆ ಬಳಸಬೇಕೆಂದು ಆ್ಯಪಲ್ ಕಂಪೆನಿಯೇ ಐಫೋನ್ ಬಗ್ಗೆ ಹೇಳುತ್ತದೆ. ಕಲಬುರಗಿ, ರಾಯಚೂರು ಕಡೆಯ ಏಪ್ರಿಲ್ ಮಧ್ಯಾಹ್ನವನ್ನು ನೆನೆಸಿಕೊಂಡರೆ ಇದರ ಅರ್ಥ ತಿಳಿಯುತ್ತದೆ. ಮಿತಿಮೀರಿ ಬಿಸಿಯಾದಾಗ ಮೊಬೈಲ್ ತನ್ನನ್ನು ಕಾಪಾಡಿಕೊಳ್ಳಲು ಮೊದಲು ಸ್ಕ್ರೀನ್ ಮಂಕು ಮಾಡುತ್ತದೆ, ನಂತರ ಕ್ಯಾಮೆರಾವನ್ನೇ ನಿಲ್ಲಿಸುತ್ತದೆ. ಇದೇ ಕಾರಣಕ್ಕೆ ಹಳೆಯ ಕೆಲವು ಮೊಬೈಲ್‌ಗಳಲ್ಲಿ 4ಕೆ ರೆಕಾರ್ಡಿಂಗ್‌ಗೆ 5 ಅಥವಾ 10 ನಿಮಿಷದ ಮಿತಿಯನ್ನೂ ಹಾಕಿದ್ದರು.

ಇದಕ್ಕೆ ಪರಿಹಾರ: ಹಿಂದಿನ ಕವರ್ ತೆಗೆಯಿರಿ. ಬಿಸಿಲು ಬೀಳುವ ಕಿಟಕಿಯ ಬಳಿ ಇಡಬೇಡಿ, ಫ್ಯಾನಿನ ಗಾಳಿ ತಾಗುವಲ್ಲಿ ಇಡಿ. ಸ್ಕ್ರೀನಿನ ಬೆಳಕನ್ನು ಪೂರ್ತಿ ಕಡಿಮೆ ಮಾಡಿ. ಹಿಂದೆ ತೆರೆದಿಟ್ಟ ಆ್ಯಪ್‌ಗಳನ್ನೆಲ್ಲ ಮುಚ್ಚಿ. ಚಾರ್ಜ್ ಆಗುತ್ತಿರುವ ಮೊಬೈಲ್ ಇನ್ನಷ್ಟು ಬಿಸಿಯಾಗುವುದರಿಂದ ಬೆಳಿಗ್ಗೆಯೇ ಪೂರ್ತಿ ಚಾರ್ಜ್ ಮಾಡಿ, ರೆಕಾರ್ಡಿಂಗ್ ಹೊತ್ತಿನಲ್ಲಿ ವಯರ್ ಇಲ್ಲದೆ ನಡೆಸುವುದು ಒಳ್ಳೆಯದು. ಬ್ಯಾಟರಿ ಹಳತಾಗಿ ಮುಕ್ಕಾಲು ಗಂಟೆ ಬಾರದಿದ್ದರೆ ಮಾತ್ರ ಪವರ್ ಬ್ಯಾಂಕ್ ಜೋಡಿಸಿ.

ಬ್ಯಾಟರಿ ಮುಗಿದು ಮೊಬೈಲ್ ಆಫ್ ಆದರೆ ಕೊನೆಯ ಐದು ನಿಮಿಷ ಮಾತ್ರ ಹೋಗುತ್ತದೆ ಎಂದು ತಿಳಿಯಬೇಡಿ. ಎಂಪಿ4 ಫೈಲ್‌ನಲ್ಲಿ ಯಾವ ಚಿತ್ರ ಎಲ್ಲಿದೆ, ಯಾವ ಧ್ವನಿ ಎಲ್ಲಿದೆ ಎಂಬ ಪಟ್ಟಿಯೊಂದಿರುತ್ತದೆ. ಕಿತಾಬಿನ ಪರಿವಿಡಿಯಂತೆ. ಸಾಮಾನ್ಯವಾಗಿ ಮೊಬೈಲ್ ಈ ಪಟ್ಟಿಯನ್ನು ಬರೆಯುವುದು ನಾವು ನಿಲ್ಲಿಸುವ ಬಟನ್ ಒತ್ತಿದ ಮೇಲೆ. ಅದಕ್ಕೆ ಮೊದಲೇ ಮೊಬೈಲ್ ಆಫ್ ಆದರೆ 40 ನಿಮಿಷದ ಚಿತ್ರ ಒಳಗಿದ್ದರೂ ಯಾವ ಆ್ಯಪ್‌ನಲ್ಲೂ ತೆರೆಯದೇ ಹೋಗಬಹುದು. ಪೂರ್ತಿ ರೆಕಾರ್ಡ್ ಆಗಿತ್ತು, ಆದರೆ ಓಪನ್ ಆಗುತ್ತಿಲ್ಲ ಎಂದು ಹುಡುಗರು ಹೇಳುವುದರ ಹಿಂದೆ ಹೆಚ್ಚಾಗಿ ಇರುವುದು ಇದೇ. ನಿಲ್ಲಿಸಿದ ಮೇಲೂ ಸೇವ್ ಆಗುವವರೆಗೆ ಕೆಲವು ಕ್ಷಣ ಕಾಯಿರಿ.

ಅನೇಕ ಮಸೀದಿಗಳಲ್ಲಿ ಮೊದಲು ಊರಿನ ಭಾಷೆಯಲ್ಲಿ ಪ್ರವಚನ, ಆಮೇಲೆ ಅರಬಿಯಲ್ಲಿ ಖುತ್ಬಾ ನಡೆಯುತ್ತದೆ. ಅಲ್ಲಿ ಪ್ರವಚನ ಮುಗಿದು ಸುನ್ನತ್ ನಮಾಝಿಗೆ ಬಿಡುವ ಹೊತ್ತಿನಲ್ಲಿ ಒಂದು ಫೈಲ್ ಮುಗಿಸಿ, ಖುತ್ಬಾಕ್ಕೆ ಇನ್ನೊಂದನ್ನು ಆರಂಭಿಸುವುದು ಲೇಸು. ಒಂದು ಹಾಳಾದರೂ ಇನ್ನೊಂದು ಉಳಿಯುತ್ತದೆ. ಖುತ್ಬಾ ಕನ್ನಡದಲ್ಲೇ ನಡೆಯುವ ಮಸೀದಿಗಳಲ್ಲಿ ಆ ಅವಕಾಶವಿಲ್ಲ. ಎರಡು ಖುತ್ಬಾಗಳ ನಡುವೆ ಇಮಾಮ್ ಕೂರುವ ಆ ಸಣ್ಣ ಹೊತ್ತು ದುಆದ ಹೊತ್ತು, ಅದನ್ನು ಇದಕ್ಕೆ ಬಳಸಬೇಡಿ.

ಕರೆ ಮತ್ತು ಅಲಾರಂ

ಕರೆ ಬಂದಾಗ ರೆಕಾರ್ಡಿಂಗ್ ನಿಲ್ಲುವ ಮೊಬೈಲ್‌ಗಳು ಅನೇಕ. ಸೈಲೆಂಟ್ ಮಾಡಿದರೆ ಸಾಲದು, ಸದ್ದು ಬಾರದಿದ್ದರೂ ಕರೆ ಬರುತ್ತದೆ. ಏರೋಪ್ಲೇನ್ ಮೋಡ್ ಹಾಕಿ, ವೈಫೈ ಕೂಡ ಆಫ್ ಮಾಡಿ. ವೈಫೈ ಉಳಿದರೆ ವಾಟ್ಸ್‌ಆ್ಯಪ್ ಕರೆ ಬರುತ್ತದೆ.

ಅಲಾರಂಗಳು ಏರೋಪ್ಲೇನ್ ಮೋಡ್‌ನಲ್ಲೂ ಮೊಳಗುತ್ತವೆ ಎಂಬುದನ್ನು ಮರೆಯಬೇಡಿ. ನಮ್ಮ ಹೆಚ್ಚಿನವರ ಮೊಬೈಲ್‌ನಲ್ಲಿ ಅಝಾನ್ ಆ್ಯಪ್ ಇದೆ. ಖುತ್ಬಾದ ನಡುವೆ ಸ್ಟ್ಯಾಂಡ್ ಮೇಲಿನ ಮೊಬೈಲ್ ತಾನೇ ಅಝಾನ್ ಕೊಡಲು ಆರಂಭಿಸಿದರೆ ಮಸೀದಿಯ ಗಮನವೆಲ್ಲ ಅತ್ತ ಹೋಗುತ್ತದೆ. ಅಂದಿನ ಮಟ್ಟಿಗೆ ಅದನ್ನು ನಿಲ್ಲಿಸಿಡಿ.

ಧ್ವನಿಯೇ ಮುಖ್ಯ

ಖುತ್ಬಾದಲ್ಲಿ ನೋಡುವುದಕ್ಕಿಂತ ಕೇಳುವುದೇ ಹೆಚ್ಚು. ಚಿತ್ರ ಮಂಕಾದರೆ ಸಹಿಸಬಹುದು, ಮಾತು ಅಸ್ಪಷ್ಟವಾದರೆ ಎಲ್ಲವೂ ವ್ಯರ್ಥ. ಹಿಂದಿನ ಸಫ್‌ನಿಂದ ರೆಕಾರ್ಡ್ ಮಾಡಿದ ವೀಡಿಯೊದಲ್ಲಿ ನಾಲ್ಕು ಸ್ಪೀಕರ್‌ಗಳ ಧ್ವನಿ, ಗೋಡೆಯ ಪ್ರತಿಧ್ವನಿ, ಫ್ಯಾನಿನ ಸದ್ದು ಸೇರಿ ಕಿವಿ ಮಂದವಾದ ಹಿರಿಯರಿಗೆ ಒಂದು ಪದವೂ ತಿಳಿಯುವುದಿಲ್ಲ.

ಅತಿ ಸುಲಭದ ದಾರಿ ಎಂದರೆ ಇನ್ನೊಂದು ಮೊಬೈಲ್‌ನಲ್ಲಿ ವಾಯ್ಸ್ ರೆಕಾರ್ಡರ್ ಆನ್ ಮಾಡಿ ಮಿಂಬರ್ ಬಳಿ ಇಡುವುದು. ಅದನ್ನೂ ಏರೋಪ್ಲೇನ್ ಮೋಡ್‌ನಲ್ಲಿಡಿ. ಆಮೇಲೆ ಎಡಿಟಿಂಗ್ ಆ್ಯಪ್‌ನಲ್ಲಿ ಆ ಧ್ವನಿಯನ್ನು ವೀಡಿಯೊಗೆ ಜೋಡಿಸಬಹುದು. ಇಮಾಮರು ಅಲ್ಲಾಹನ ಸ್ತುತಿಯಿಂದ ಖುತ್ಬಾ ಆರಂಭಿಸುವ ಮೊದಲ ಪದವನ್ನೇ ಗುರುತಾಗಿಟ್ಟುಕೊಂಡರೆ ತುಟಿಯೂ ಮಾತೂ ಹೊಂದುತ್ತವೆ. ಇಮಾಮರ ಅಂಗಿಗೆ ಸಿಕ್ಕಿಸುವ ಚಿಕ್ಕ ಕಾಲರ್ ಮೈಕ್ ಇದ್ದರೆ ಇನ್ನೂ ಉತ್ತಮ. ಮಸೀದಿಯ ಆಂಪ್ಲಿಫೈಯರ್‌ನಿಂದ ನೇರವಾಗಿ ಧ್ವನಿ ತೆಗೆಯಬೇಕೆನ್ನುವವರು ರೆಕಾರ್ಡಿಂಗ್‌ಗೆಂದೇ ಇರುವ ಔಟ್‌ಪುಟ್‌ನಿಂದ, ಸೌಂಡ್ ಕೆಲಸ ಬಲ್ಲವರ ಕೈಯಿಂದಲೇ ವಯರ್ ಮಾಡಿಸಿ. ಸ್ಪೀಕರ್‌ಗೆ ಹೋಗುವ ವಯರನ್ನು ಮೊಬೈಲ್‌ಗೆ ಜೋಡಿಸಿದರೆ ಮೊಬೈಲ್ ಸುಟ್ಟುಹೋದೀತು.

ಎಲ್ಲಿ ಇಡುವುದು?

ಸ್ಟ್ಯಾಂಡ್ ಸಫ್‌ನ ಜಾಗವನ್ನು ಕಬಳಿಸಬಾರದು, ನಮಾಝ್ ಮಾಡುವವರ ಮುಂದೆ ಇರಬಾರದು, ದಾರಿಗೂ ಅಡ್ಡವಾಗಬಾರದು. ಕಂಬದ ಬದಿಯಲ್ಲಿ, ಮಿಂಬರಿಗೆ ಓರೆಯಾಗಿ ಇಡುವುದು ಅನುಕೂಲ. ಇಮಾಮರ ಹಿಂದೆ ಕಿಟಕಿಯ ಬೆಳಕಿದ್ದರೆ ಮುಖ ಕಪ್ಪಾಗುತ್ತದೆ, ಆ ಕಿಟಕಿಯ ಪರದೆ ಎಳೆಯಿರಿ. ಆರಂಭಿಸುವ ಮೊದಲು ಸ್ಕ್ರೀನಿನಲ್ಲಿ ಮಿಂಬರಿನ ಮೇಲೆ ಬೆರಳನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಹೆಚ್ಚಿನ ಮೊಬೈಲ್‌ಗಳಲ್ಲಿ ಫೋಕಸ್ ಮತ್ತು ಬೆಳಕು ಅಲ್ಲಿಗೇ ನಿಲ್ಲುತ್ತವೆ. ಟ್ಯೂಬ್‌ಲೈಟ್ ಇರುವ ಕಡೆ ಚಿತ್ರ ಮಿನುಗುವುದುಂಟು. ನಮ್ಮ ದೇಶದ ವಿದ್ಯುತ್ ಸೆಕೆಂಡಿಗೆ 50 ಆವರ್ತದ್ದು, 30 ಚಿತ್ರಗಳ ವೇಗ ಅದಕ್ಕೆ ಸರಿಹೊಂದುವುದಿಲ್ಲ. ಸೆಟ್ಟಿಂಗ್‌ನಲ್ಲಿ 25 ಚಿತ್ರಗಳ ಆಯ್ಕೆ ಇದ್ದರೆ ಅದನ್ನೇ ಇಡಿ.

ಕ್ಯಾಮೆರಾ ಮಿಂಬರನ್ನು ಮಾತ್ರ ನೋಡಲಿ. ತೂಕಡಿಸುವ ಹಿರಿಯರು, ಅಳುವವರು, ಮಕ್ಕಳು, ಸ್ತ್ರೀಯರ ಭಾಗ ಯಾವುದೂ ಅದರ ಕಣ್ಣಿಗೆ ಬೀಳಬಾರದು. ಅಲ್ಲಾಹನ ಮುಂದೆ ನಿಲ್ಲಲು ಬಂದವರು ತಮ್ಮ ಮುಖ ಊರೆಲ್ಲ ಹರಡಲೆಂದು ಬಂದವರಲ್ಲ. ವೀಡಿಯೊ ಚಿತ್ರೀಕರಣದ ಬಗ್ಗೆ ಉಲಮಾಗಳಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ. ನಿಮ್ಮ ಜಮಾಅತಿನ ಉಸ್ತಾದರು ಬೇಡವೆಂದರೆ ಧ್ವನಿಯನ್ನಷ್ಟೇ ರೆಕಾರ್ಡ್ ಮಾಡಿ. ನಿಮಿಷಕ್ಕೆ ಸುಮಾರು 1 ಎಂಬಿಯಂತೆ 45 ನಿಮಿಷದ ಧ್ವನಿ 45 ಎಂಬಿಯಷ್ಟೇ ಆಗುತ್ತದೆ, ಯಾರ ಮೊಬೈಲ್‌ಗೂ ಭಾರವಲ್ಲ.

ಕತ್ತರಿಸುವುದು, ಕಳಿಸುವುದು, ಕಾಪಾಡುವುದು

ಆರಂಭದ ಖಾಲಿ ನಿಮಿಷಗಳನ್ನೂ ಕೊನೆಯ ನಮಾಝ್ ಭಾಗವನ್ನೂ ಕತ್ತರಿಸಿ ತೆಗೆಯಬಹುದು. ಮಧ್ಯದಿಂದ ಒಂದು ವಾಕ್ಯವನ್ನೂ ತೆಗೆಯಬೇಡಿ. ಇಮಾಮರೇ ಒಂದು ಮಾತನ್ನು ತೆಗೆಯಲು ಹೇಳಿದರೆ, ತೆಗೆಯಲಾಗಿದೆ ಎಂದು ಕೆಳಗೆ ಬರೆಯಿರಿ. ಸ್ಟೇಟಸ್‌ಗೆಂದು ಒಂದು ನಿಮಿಷದ ತುಂಡು ಬೇಕಾದರೆ ಅದನ್ನು ಮೊದಲು ಇಮಾಮರಿಗೆ ತೋರಿಸಿ, ಪೂರ್ತಿ ಪ್ರವಚನದ ಲಿಂಕ್ ಜೊತೆಗಿಟ್ಟೇ ಹಾಕಿ.

ವಾಟ್ಸ್‌ಆ್ಯಪ್‌ನಲ್ಲಿ ವೀಡಿಯೊ ಆಗಿ ಕಳಿಸಿದರೆ ಅದು ಮತ್ತೆ ಕುಗ್ಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ 2 ಜಿಬಿವರೆಗೆ ಇದ್ದಂತೆಯೇ ಹೋಗುತ್ತದೆ. ಆದರೆ ಅಷ್ಟು ದೊಡ್ಡ ಫೈಲ್ ಬಡವರ ಡೇಟಾವನ್ನೆಲ್ಲ ತಿನ್ನುತ್ತದೆ. ಯೂಟ್ಯೂಬ್‌ನಲ್ಲಿ ಅನ್‌ಲಿಸ್ಟೆಡ್ ಎಂದು ಹಾಕಿದರೆ ಲಿಂಕ್ ಇದ್ದವರಷ್ಟೇ ನೋಡಬಹುದು, ಕೇಳುವವರು ತಮಗೆ ಬೇಕಾದ ಗುಣಮಟ್ಟವನ್ನೂ ಆರಿಸಿಕೊಳ್ಳಬಹುದು. ಫೋನ್ ನಂಬರ್ ಕೊಟ್ಟು ಖಾತೆಯನ್ನು ದೃಢೀಕರಿಸದಿದ್ದರೆ ಯೂಟ್ಯೂಬ್ 15 ನಿಮಿಷಕ್ಕಿಂತ ಉದ್ದದ ವೀಡಿಯೊ ಸ್ವೀಕರಿಸುವುದಿಲ್ಲ. ದೃಢೀಕರಿಸಿದರೆ 12 ಗಂಟೆಯವರೆಗೂ ಆಗುತ್ತದೆ.

ಮೂಲ ಫೈಲನ್ನು ಅಂದೇ ಕಂಪ್ಯೂಟರ್‌ಗೋ ಹಾರ್ಡ್ ಡಿಸ್ಕ್‌ಗೋ ಹಾಕಿ, ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಹೆಸರು ಕೊಡಿ. ಆಗ ಫೈಲ್‌ಗಳು ತಾವೇ ಸಾಲಾಗಿ ನಿಲ್ಲುತ್ತವೆ. ಪ್ರತಿ ಬರೆದದ್ದನ್ನು ಒಮ್ಮೆ ತೆರೆದು ಆರಂಭ, ನಡು, ಕೊನೆ ನೋಡಿದ ಮೇಲೆಯೇ ಮೊಬೈಲಿನಿಂದ ಅಳಿಸಿ. ಈ ಪತ್ರಿಕೆಗೆ ಖುತ್ಬಾದ ಸಾರಾಂಶ ಬರೆದು ಕಳಿಸುವವರಿಗೂ ಪೂರ್ತಿ ರೆಕಾರ್ಡಿಂಗ್ ಇದ್ದರೆ ಕೆಲಸ ಸುಲಭ. ಅರ್ಧ ಕೇಳಿ ಬರೆದ ಸಾರಾಂಶ, ಇಮಾಮ್ ಹೇಳದಿದ್ದನ್ನು ಹೇಳಿದಂತೆ ಮಾಡುತ್ತದೆ.

ಜಮಾಅತ್ ಕಮಿಟಿಗಳಿಗೆ ನಮ್ಮ ವಿನಂತಿ ಇಷ್ಟೇ. ಈ ಕೆಲಸವನ್ನು ಯಾರೋ ಮಾಡುತ್ತಾರೆ ಎಂದು ಬಿಡದೆ ಜವಾಬ್ದಾರಿಯುಳ್ಳ ಇಬ್ಬರು ಯುವಕರಿಗೆ ವಹಿಸಿ. ಗುರುವಾರ ಇಶಾ ನಮಾಝಿನ ನಂತರ, ಮಸೀದಿ ಖಾಲಿಯಾದ ಮೇಲೆ, ಅದೇ ಮೊಬೈಲ್‌ನಲ್ಲಿ ಅದೇ ಜಾಗದಿಂದ 45 ನಿಮಿಷ ಒಮ್ಮೆ ಓಡಿಸಿ ನೋಡಲಿ. ನಿಲ್ಲುವುದಿದ್ದರೆ ಅಂದೇ ನಿಲ್ಲಲಿ, ಕಾರಣ ತಿಳಿಯುತ್ತದೆ. ಶುಕ್ರವಾರ ಅವರು ಆನ್ ಮಾಡಿ, ಮೊಬೈಲನ್ನು ಮರೆತು, ಮೊದಲ ಸಫ್‌ನಲ್ಲಿ ಕುಳಿತು ಖುತ್ಬಾ ಕೇಳಲಿ.

ಯಾರಾದರೂ ಸುದ್ದಿ ತಂದರೆ ಪರಿಶೀಲಿಸಿ ನೋಡಬೇಕೆಂದು ಸೂರಃ ಅಲ್ ಹುಜುರಾತ್ ನಮಗೆ ಕಲಿಸುತ್ತದೆ. ಪರಿಶೀಲಿಸುವವರಿಗೆ ಪೂರ್ತಿ ಮಾತು ಸಿಗುವಂತೆ ಮಾಡುವುದು ಅದನ್ನು ಕೇಳಿದವರ ಹೊಣೆ. ಸತ್ಯವನ್ನು ಕೂಡಿಸದೆ ಕಳೆಯದೆ ತಲುಪಿಸುವವರ ಸಾಲಿನಲ್ಲಿ ಅಲ್ಲಾಹನು ನಮ್ಮೆಲ್ಲರನ್ನೂ ಸೇರಿಸಲಿ. ಆಮೀನ್.